ಓಣಿ ಕೇಳುವ ಸಾಲು

ಒಂದು ಸಣ್ಣ ಚಿಂತೆ ಇದೆ. ಯಾರಿಗೂ ಹೇಳುವಂಥದ್ದಲ್ಲ, ನನ್ನಷ್ಟಕ್ಕೆ ನಾನೇ ಹೇಳಿಕೊಳ್ಳಬೇಕು. ದಿನಾ ಬೆಳಿಗ್ಗೆ ಯಾದಗಿರಿಯಿಂದ ಶಹಾಪುರಕ್ಕೆ ಹೋಗುವ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂರುತ್ತೇನಲ್ಲ, ಅದರಲ್ಲಿ ಯಾವ ಹಾಡೂ ಇರುವುದಿಲ್ಲ. ವೈರಿನ ಇನ್ನೊಂದು ತುದಿ ಬ್ಯಾಗಿನೊಳಗೆ ಸುಮ್ಮನೆ ಬಿದ್ದಿರುತ್ತದೆ. ಡ್ರೈವರ್ ಬ್ರೇಕ್ ಹಾಕಿದಾಗ ಅದು ಜಾರಿ ಹೊರಗೆ ಬಂದು ಪಕ್ಕದವರ ಕಣ್ಣಿಗೆ ಬಿದ್ದರೆ ಏನೆಂದುಕೊಂಡಾರು?

ಹಾಡು ಹಚ್ಚಬಹುದು. ಆದರೆ ಆ ಹೊತ್ತಿಗೆ ಹಾಡು ಕೇಳುವ ತ್ರಾಣ ನನಗಿರುವುದಿಲ್ಲ. ಯಾರೂ ಮಾತಾಡಿಸದಿದ್ದರೆ ಸಾಕಾಗಿರುತ್ತದೆ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಮೊದಲು ಊರು ಕೇಳುತ್ತಾಳೆ. ಮುದನಾಳ ಅಂದರೆ, ಮುದನಾಳದಾಗ ಯಾವ ಓಣಿ ಅನ್ನುತ್ತಾಳೆ. ಕೆಟ್ಟ ಮನಸ್ಸಿನಿಂದಲ್ಲ. ಆಕೆಗೂ ಅಲ್ಲಿ ಯಾರೋ ಬೀಗರಿರುತ್ತಾರೆ, ಸಂಬಂಧ ಕೂಡಿಸಿ ನೋಡುವ ಆಸೆ. ಓಣಿ ಹೇಳಿದ ಮೇಲೆ ಆಕೆ ಸೆರಗು ಸರಿಮಾಡಿಕೊಳ್ಳುತ್ತಾಳೆ. ಆಮೇಲೆ "ಹೌದಾ, ಚಲೋ ಆತು" ಅಂದು ಕಿಟಕಿಯ ಕಡೆ ತಿರುಗುತ್ತಾಳೆ. ಕೆಲವರು ಕಾಲ ಬಳಿಯ ಬುತ್ತಿ ಚೀಲವನ್ನು ತಮ್ಮ ಕಡೆ ಸ್ವಲ್ಪ ಸರಿಸಿಕೊಳ್ಳುತ್ತಾರೆ. ಸಿಟ್ಟು ಬರುವುದು ಎಂದೋ ನಿಂತಿದೆ. ಈಗ ದಣಿವಷ್ಟೇ.

ಕೆಲಸಕ್ಕೆ ಸೇರುವಾಗ ಮಹಾದೇವಪ್ಪ ಸರ್ ಊರು ಕೇಳಿದರು. ಯಾದಗಿರಿ ಅಂದೆ. ಮುದನಾಳ ಯಾದಗಿರಿಗೆ ಹತ್ತಿಕೊಂಡೇ ಇದೆ, ಪೂರಾ ಸುಳ್ಳೇನಲ್ಲ ಅಂತ ಆ ದಿನ ಡೈರಿಯಲ್ಲಿ ಬರೆದು ಸಮಾಧಾನ ಮಾಡಿಕೊಂಡೆ. ಹೆಸರು ಮಲ್ಲೇಶ್ವರಿ ಅಂದಾಗ ಅವರು ಮುಂದೆ ಏನೂ ಕೇಳಲಿಲ್ಲ. ಮಲ್ಲೇಶ್ವರಿ ಯಾರ ಮನೆಯಲ್ಲಾದರೂ ಇರಬಹುದು.

ಸರ್ ಟೆಲಿಫೋನ್ ಖಾತೆಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಮನೆಯ ಮುಂದಿನ ಕೋಣೆಯಲ್ಲಿ ಅವರದೊಂದು ಆನ್‌ಲೈನ್ ಸೆಂಟರ್ ಇದೆ. ಅರ್ಜಿ ತುಂಬುವುದು, ಪಹಣಿ ತೆಗೆದುಕೊಡುವುದು, ಝೆರಾಕ್ಸ್ ಮಾಡುವುದು ನನ್ನ ಕೆಲಸ. ಬಿಸಿಎ ಓದಿದ್ದೇನೆ ಎಂಬ ಕಾರಣಕ್ಕೆ ಇನ್ನೊಂದೂ ಬಿದ್ದಿದೆ: ಕಟ್ಟಿ ನೋಡಿಕೊಳ್ಳುವುದು.

ಅದರ ಪೂರ್ಣ ಹೆಸರು ಸಗರನಾಡ ಕಟ್ಟಿ. ಊರ ಕಟ್ಟೆಯಂತೆ ಮಂದಿ ಕೂಡುವ, ಹಳೇ ಕಾಲದ ಕಂಪ್ಯೂಟರ್ ಬುಲೆಟಿನ್ ಬೋರ್ಡ್. ಫೋಟೋ ಇಲ್ಲ, ವಿಡಿಯೋ ಇಲ್ಲ, ಕಪ್ಪು ಪರದೆಯ ಮೇಲೆ ಬರೀ ಅಕ್ಷರ. ಒಬ್ಬರು ಬಂದು ಬರೆದು ಹೋಗುತ್ತಾರೆ, ಇನ್ನೊಬ್ಬರು ಬಂದು ಓದಿ ಉತ್ತರ ಬರೆಯುತ್ತಾರೆ. ಸರ್ ನೌಕರಿಯಲ್ಲಿದ್ದಾಗ ಹೈದರಾಬಾದಿನ ತರಬೇತಿಯಲ್ಲಿ ಇಂಥದೊಂದನ್ನು ನೋಡಿ ಮರುಳಾಗಿದ್ದರಂತೆ. ನಿವೃತ್ತಿಯಾದ ಮೇಲೆ ಹಳೆಯ ಕಂಪ್ಯೂಟರ್ ಒಂದರಲ್ಲಿ ಅದನ್ನೇ ಎಬ್ಬಿಸಿ ನಿಲ್ಲಿಸಿದರು. ಈ ಕಾಲದಲ್ಲಿ ಇದಕ್ಕೆ ಯಾರು ಬರುತ್ತಾರೆ ಎಂದು ಮನೆಯವರೆಲ್ಲ ನಕ್ಕರಂತೆ. ಆದರೆ ಸಿಗ್ನಲ್ ಒಂದೇ ಕಡ್ಡಿ ಇರುವ ಹಳ್ಳಿಯಲ್ಲೂ ಅದು ಫೋನಿನಲ್ಲಿ ತೆರೆದುಕೊಳ್ಳುತ್ತಿತ್ತು. ಕಾಲುವೆಗೆ ನೀರು ಯಾವಾಗ, ಹತ್ತಿಗೆ ಏನು ರೇಟು, ಸುರಪುರದ ಕೊನೇ ಬಸ್ಸು ಇದೆಯೋ ಇಲ್ಲವೋ ಎಂದು ಕೇಳುವವರು ಬಂದರು. ಪರೀಕ್ಷೆಗೆ ಓದುವ ಹುಡುಗಿಯರು ಎಲ್ಲರಿಗಿಂತ ಹೆಚ್ಚು ಬಂದರು. ವಾಟ್ಸಾಪ್ ಗುಂಪಿನಲ್ಲಿ ನಂಬರ್ ಎಲ್ಲರಿಗೂ ಕಾಣುತ್ತದೆ, ಮರುದಿನದಿಂದ ಗುರುತಿಲ್ಲದ ಗಂಡಸರ ಗುಡ್ ಮಾರ್ನಿಂಗ್ ಶುರುವಾಗುತ್ತದೆ. ಕಟ್ಟಿಯ ಮೇಲೆ ನಂಬರ್ ಕಾಣುವುದಿಲ್ಲ. ತಮಗೆ ಬೇಕಾದ ಹೆಸರಿಟ್ಟುಕೊಂಡು ಕೂರಬಹುದು. 'ಕೊನೆಕಾಲುವೆ' ಎಂಬವರು ಹುಣಸಗಿ ಕಡೆಯ ರೈತರು. 'ಪಿಡಿಒ ಆಗೇ ಆಗ್ತೀನಿ' ಎಂಬಾಕೆ ಸುರಪುರದವಳು, ಎಂಥ ಲೆಕ್ಕವನ್ನೂ ಬಿಡಿಸುತ್ತಾಳೆ.

ನೌಕರಿಗೆ ಸೇರುವ ಎಷ್ಟೋ ಮುಂಚೆಯೇ ನಾನೂ ಅಲ್ಲಿದ್ದೆ. 'ಮಧ್ಯಾಹ್ನ' ಎಂಬ ಹೆಸರಿನಲ್ಲಿ. ಇತಿಹಾಸದ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದೆ. ಬಾಯಿ ಬಿಟ್ಟು ನಾಲ್ಕು ಮಂದಿಯ ಮುಂದೆ ಮಾತಾಡಲಾರದ ನನ್ನನ್ನು ಅಲ್ಲಿನ ಹುಡುಗಿಯರು, ಸಾಲಿಯ ಟೀಚರಿಗೆ ಅನ್ನುವಂತೆ, ಮಧ್ಯಾಹ್ನ ಅಕ್ಕೋರು ಎಂದು ಕರೆಯುತ್ತಾರೆ. ಅಲ್ಲಿ ಯಾರೂ ನನ್ನ ಓಣಿ ಕೇಳಿರಲಿಲ್ಲ. ಆ ಅಕ್ಕೋರು ನಾನೇ ಎಂಬುದನ್ನು ಸರ್‌ಗೂ ಹೇಳಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಯಾರೋ ಒಬ್ಬರು ಹೊಸ ಹೆಸರಿನಲ್ಲಿ ಬಂದು, ಸೋಮವಾರ ಕಾಲುವೆಗೆ ನೀರು ಬಿಡುತ್ತಾರೆ ಎಂದು ಬರೆದು ಮಾಯವಾದರು. ಕೊನೆಕಾಲುವೆಯವರು, ಅಂದರೆ ಹುಣಸಗಿಯ ದೇವಿಂದ್ರಪ್ಪ, ಅದನ್ನು ನಂಬಿ ಆಳುಗಳನ್ನು ಕರೆದುಕೊಂಡು ಹೊಲಕ್ಕೆ ಹೋಗಿ ಒಣ ಕಾಲುವೆಯ ದಂಡೆಯ ಮೇಲೆ ಕೂತುಬಂದರು. ಮರುದಿನ ಸರ್‌ಗೆ ಫೋನ್ ಹಚ್ಚಿದರು. ಅವರ ಧ್ವನಿ ನನ್ನ ಕುರ್ಚಿಯ ತನಕ ಕೇಳುತ್ತಿತ್ತು.

"ಹೆಸರಿಲ್ಲದ ಮಂದಿನ್ನ ಕಟ್ಟಿ ಮ್ಯಾಲ ಕೂಡಿಸ್ತೀರಿ. ಸುದ್ದಿ ಸುಳ್ಳಾದ್ರ ಯಾರ ಕೊಳ್ಳಪಟ್ಟಿ ಹಿಡೀಬೇಕ್ರಿ ನಾವು?"

ಸರ್ ಆ ದಿನ ಊಟ ಸರಿಯಾಗಿ ಮಾಡಲಿಲ್ಲ. ಸಂಜೆ ನನ್ನನ್ನು ಕೂಡಿಸಿಕೊಂಡು, ಇನ್ನು ಮುಂದೆ ಹೊಸಬರು ಒಳಗೆ ಬರುವ ಮುಂಚೆ ಒಂದು ಒಪ್ಪಿಗೆ ಕೇಳೋಣ ಎಂದರು. ನಿಯಮಗಳು ಪರದೆಯ ಮೇಲೆ ಬರಬೇಕು, ಕೆಳಗೆ 'ಒಪ್ಪುತ್ತೀರಾ?' ಎಂಬ ಸಾಲು ಉತ್ತರಕ್ಕೆ ಕಾಯಬೇಕು, ಹೌದು ಎಂದು ಬರೆದವರಿಗೆ ಮಾತ್ರ ಬಾಗಿಲು. ಸುಳ್ಳು ಸುದ್ದಿ ಹಾಕಬಾರದು, ಹೆಣ್ಣುಮಕ್ಕಳಿಗೆ ಅಡ್ಡಾದಿಡ್ಡಿ ಬರೆಯಬಾರದು, ಜಗಳ ಬಂದರೆ ನೀರು ಕುಡಿದು ಬಂದು ಬರೆಯಬೇಕು. ಕೊನೆಯದು ಅವರದೇ ನಿಯಮ, ತೆಗೆಯಬೇಡ ಎಂದರು. ಕಚೇರಿ ಕನ್ನಡದಲ್ಲಿ ಅವರು ಹೇಳಿದ್ದನ್ನು ನಾನು ಓದುವಂತೆ ತಿದ್ದಿ ಬರೆದೆ. ಮಾಡಿದ್ದು ನನ್ನ ಮನಸ್ಸಿಗೂ ಹಿಡಿಸಿತ್ತು.

ಮೊದಲ ದಿನವೇ ಅದು ಕೆಟ್ಟಿತು. ಹೌದು ಎಂಬ ಒಂದೇ ಪದವನ್ನು ಗುರುತಿಸುವಂತೆ ಬರೆದಿದ್ದೆ. ಬಂದವರೆಲ್ಲ ಮರ್ಯಾದೆಯಿಂದ 'ಹೌದ್ರಿ' ಎಂದು ಬರೆದರು. ಕೆಲವರು 'ಆತ್ರಿ' ಅಂದರು. ಒಬ್ಬರು 'ಹೂಂರಿ, ಯಾಕ ಒಪ್ಪಂಗಿಲ್ಲ' ಎಂದೂ ಬರೆದರು. ಎಲ್ಲರನ್ನೂ ಅದು ಹೊರಗೆ ಹಾಕಿತು. ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಾಚಿಕೆಯಿಂದ ಕೂತು, ನಮ್ಮ ಜನ ಒಪ್ಪಿಕೊಳ್ಳುವ ಬಗೆಗಳನ್ನೆಲ್ಲ ಅದಕ್ಕೆ ಕಲಿಸಿದೆ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮರುವಾರ ಸರ್‌ಗೆ ಇನ್ನೊಂದು ಹೊಳೆಯಿತು. ಒಪ್ಪಿದವರು ಯಾರು ಎಂದು ಗೊತ್ತಾಗಬೇಕಲ್ಲ. ಖರೇ ಹೆಸರು, ಊರು, ಓಣಿ ಮೂರನ್ನೂ ಕೇಳು ಎಂದರು.

ಓಣಿ ಯಾಕ್ರಿ ಸರ್ ಎಂದು ನಾನು ಕೇಳಿದ್ದು ನಿಜ. ಆದರೆ ಅದು ಝೆರಾಕ್ಸ್ ಮಷೀನಿನ ಸದ್ದಿನೊಳಗೆ ಹೋಯಿತು. ಇನ್ನೊಮ್ಮೆ ಕೇಳಿದೆ.

"ಗುರಪ್ಪ ಅಂದ್ರ ಯಾವ ಗುರಪ್ಪ ಅಂತ ತಿಳಕೋಬೇಕು ನೀನು? ಒಂದೊಂದು ಊರಾಗ ಗುರಪ್ಪಗೋಳು ರಗಡ ಮಂದಿ ಇರ್ತಾರವ್ವ. ಓಣಿ ಗೊತ್ತಾತಂದ್ರ ಮನಿ ಗೊತ್ತಾದಂಗ. ಲೈನ್ ಕೆಟ್ಟಾಗ ನಾವು ಹಂಗೇ ಹುಡುಕ್ತಿದ್ವಿ."

ಅವರ ಲೆಕ್ಕದಲ್ಲಿ ಓಣಿ ಅಂದರೆ ತಂತಿ ಹೋಗುವ ದಾರಿ. ನೌಕರಿಯುದ್ದಕ್ಕೂ ಓಣಿ ಓಣಿಗೆ ಸೈಕಲ್ ಮೇಲೆ ಹೋಗಿ ಕಂಬ ಹತ್ತಿದವರು. ನಮ್ಮಂಥವರ ಓಣಿಯಲ್ಲಿ ಆ ಕಾಲಕ್ಕೆ ಫೋನೇ ಇರಲಿಲ್ಲ ಎಂಬುದು ಅವರಿಗೆ ನೆನಪಾಗಿರಲಿಕ್ಕಿಲ್ಲ. ಹೊಸಬರಿಗೆ ಖುಷಿಯಾಗಲಿ ಎಂದು ಇನ್ನೊಂದು ಸಾಲನ್ನೂ ಸೇರಿಸಲು ಹೇಳಿದರು. ಯಾರು ಸೇರಿದರೂ ಕಟ್ಟಿಯ ಮೊದಲ ಪುಟದಲ್ಲಿ ಎಲ್ಲರಿಗೂ ಕಾಣುವಂತೆ, ಇಂಥ ಊರಿನ ಇಂಥ ಓಣಿಯ ಇಂಥವರು ಬಂದಾರ, ಬರ್ರಿ ಕೂಡ್ರಿ, ಎಂದು ಬರಬೇಕು. ಮನಿಗಿ ಬಂದವರನ್ನ ಹೆಸರು ಹಿಡಿದು ಕರೆದರೆ ಎಷ್ಟು ಛಂದ ನೋಡು, ಎಂದು ಹೇಳುವಾಗ ಅವರ ಕಣ್ಣು ಮಿಂಚುತ್ತಿತ್ತು.

ಓಣಿ ಹೇಳಿದರೆ ಜಾತಿ ಹೇಳಿದಂತೆ. ಬಸ್ಸಿನಲ್ಲಿ ಒಬ್ಬ ಹೆಂಗಸಿನ ಮುಂದೆ ಆಗುವುದು ಇಲ್ಲಿ ಮೂರು ತಾಲ್ಲೂಕಿನ ಮುಂದೆ ಆಗುತ್ತದೆ. ಇದನ್ನು ಹೇಳಬೇಕಿತ್ತು. "ಆತ್ರಿ ಸರ್" ಅಂದೆ. ಅರ್ಧ ದಿನದಲ್ಲಿ ಬರೆದು ಮುಗಿಸಿದೆ. 'ನಿಮ್ಮ ಓಣಿ ಯಾವುದು?' ಎಂಬ ಸಾಲು ನನ್ನದೇ ಅಕ್ಷರ.

ಪರೀಕ್ಷೆ ಮಾಡಲು ನನ್ನ ಫೋನಿನಿಂದಲೇ ಹೊಸಬಳಂತೆ ಒಳಹೊಕ್ಕೆ. ಹೌದ್ರಿ ಎಂದೆ. ಹೆಸರು ಬರೆದೆ. ಊರು ಬರೆದೆ. ಮೂರನೆಯ ಸಾಲು ಬಂದು ಮಿಣಿಮಿಣಿ ಎನ್ನುತ್ತ ಕಾಯತೊಡಗಿತು. ಪರೀಕ್ಷೆಗಾಗಿ ಬರೆದು ಆಮೇಲೆ ಅಳಿಸಬಹುದಿತ್ತು, ಅಳಿಸುವವಳೂ ನಾನೇ. ಆದರೂ ಬೆರಳು ಏಳಲಿಲ್ಲ. ಕೊನೆಗೆ ಅದು ಕಾದು ಕಾದು ತಾನೇ ಸಂಪರ್ಕ ಕಡಿಯಿತು. ಸರಿಯಾಗಿದೆ ಎಂದು ಸರ್‌ಗೆ ಹೇಳಿದೆ.

ಆಮೇಲೆ ಹೊಸಬರು ಕಡಿಮೆಯಾದರು. ಬರುತ್ತಿದ್ದರು, ನಿಯಮ ಓದುತ್ತಿದ್ದರು, ಒಪ್ಪುತ್ತಿದ್ದರು, ಹೆಸರು ಊರು ಬರೆಯುತ್ತಿದ್ದರು, ಓಣಿಯ ಸಾಲಿಗೆ ಬಂದು ಎದ್ದು ಹೋಗುತ್ತಿದ್ದರು. ಎಲ್ಲರೂ ಅಲ್ಲ. ಕೆಲವರು ಸರಾಗವಾಗಿ ಬರೆದು ಒಳಗೆ ಬಂದರು, ಅವರಿಗೆ ಸ್ವಾಗತದ ಸಾಲೂ ಬಂತು. ಎದ್ದು ಹೋದವರ ಹೆಸರು, ಊರನ್ನು ಯಂತ್ರ ಬರೆದಿಟ್ಟುಕೊಳ್ಳುತ್ತಿತ್ತು. ಸರ್ ಬೆಳಿಗ್ಗೆ ಚಹಾ ಕುಡಿಯುತ್ತ ಅದನ್ನು ನೋಡಿ ತಲೆ ಕೆರೆದುಕೊಳ್ಳುತ್ತಿದ್ದರು. ಹೌದ್ರಿ ಪ್ರಕರಣ ನೆನಪಿತ್ತಲ್ಲ, ಇದೂ ಅಂಥದೇ ಏನೋ ತಪ್ಪು ಎಂದು ಅವರಿಗೆ ಖಾತ್ರಿ. ಕಾಯುವ ಹೊತ್ತು ಕಡಿಮೆಯಾಗಿರಬೇಕು, ಹೆಚ್ಚು ಮಾಡು ಎಂದರು. ಮಾಡಿದೆ. ಅಕ್ಷರ ದೊಡ್ಡದು ಮಾಡು ಎಂದರು. ಅದನ್ನೂ ಮಾಡಿದೆ. ಕೆಟ್ಟಿಲ್ಲದ್ದನ್ನು ದುರಸ್ತಿ ಮಾಡುವಷ್ಟು ಸುಸ್ತು ಇನ್ನೊಂದರಲ್ಲಿಲ್ಲ. ಸಂಜೆ ಬಸ್ಸಿನಲ್ಲಿ ಭೀಮೆಯ ಸೇತುವೆ ದಾಟುವ ಹೊತ್ತಿಗೆ ಕುತ್ತಿಗೆ ನಿಲ್ಲುತ್ತಿರಲಿಲ್ಲ.

ಅವರಿಗೆ ಯಾಕೆ ಹೇಳುತ್ತಿಲ್ಲ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಅವರು ಕೆಟ್ಟವರಾಗಿದ್ದರೆ ಸುಲಭವಿತ್ತು. ಮಧ್ಯಾಹ್ನ ಅವರ ಮನೆಯಿಂದ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಬರುತ್ತದೆ, ಒಂದೇ ಡಬ್ಬಿಯಿಂದ ಇಬ್ಬರೂ ಹಾಕಿಕೊಳ್ಳುತ್ತೇವೆ. ಗೊತ್ತಾದ ಮೇಲೆ ಅವರು ಡಬ್ಬಿ ಸರಿಸುತ್ತಾರೆ ಎಂದು ನನಗನಿಸುವುದಿಲ್ಲ. ಅದರ ಬದಲು ಇನ್ನೂ ಎರಡು ಚಮಚ ಹೆಚ್ಚು ಹಾಕಿಬಿಡುತ್ತಾರೆ. ಆ ಎರಡು ಚಮಚದ ಭಯ ನನಗೆ.

ಒಂದು ಸಂಜೆ ನಮ್ಮ ಮನೆಯಲ್ಲೇ ಅದು ನಡೆಯಿತು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಗೋಡೆಗೆ ಒರಗಿ ಕಾಲು ಚಾಚಿದ್ದೆ. ತಂಗಿ ಸಂಘಮಿತ್ರಾ ಪಿಯುಸಿ ಎರಡನೇ ವರ್ಷ ಓದುತ್ತಿದ್ದಾಳೆ. ನಾನು ಹುಟ್ಟಿದಾಗ ಅಪ್ಪ ಇನ್ನೂ ಹರಕೆ ಹೊರುತ್ತಿದ್ದ, ಹಾಗಾಗಿ ನಾನು ಮಲ್ಲೇಶ್ವರಿ. ಅವಳು ಹುಟ್ಟುವ ಹೊತ್ತಿಗೆ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದ, ಅವಳ ಹೆಸರನ್ನೂ ಅಲ್ಲಿಂದಲೇ ತಂದ. ನನ್ನ ಹೆಸರಿನ ಹಿಂದೆ ನಾನು ಅಡಗಿಕೊಳ್ಳಬಹುದು. ಅವಳಿಗೆ ಆ ಅನುಕೂಲ ಇಲ್ಲ, ಬೇಕಾಗಿಯೂ ಇಲ್ಲ. ಕ್ಲಾಸಿನಲ್ಲಿ ಹಾಜರಿ ಕರೆದರೆ ಅವಳ ಧ್ವನಿ ಹೊರಗಿನ ಬೇವಿನ ಮರದ ತನಕ ಕೇಳುತ್ತದಂತೆ.

ಕಾಲೇಜಿನಲ್ಲಿ ಯಾರೋ ಕಟ್ಟಿಯ ಬಗ್ಗೆ ಹೇಳಿದ್ದರು. ಲೆಕ್ಕ ಕೇಳಬೇಕು ಎಂದು ಫೋನ್ ಹಿಡಿದು ಕೂತಳು. ನಾನು ಶಹಾಪುರದಲ್ಲಿ ಅರ್ಜಿ ತುಂಬುತ್ತೇನೆ ಎಂಬುದಷ್ಟೇ ಅವಳಿಗೆ ಗೊತ್ತು. ನೀರು ಕುಡಿದು ಬಂದು ಜಗಳ ಆಡಬೇಕೆಂಬ ನಿಯಮವನ್ನು ಜೋರಾಗಿ ಓದಿ ನಕ್ಕಳು. ಹೌದ್ರಿ ಎಂದು ಬರೆದಳು. ಹೆಸರು ಬರೆದಳು, ಊರು ಬರೆದಳು. ಆಮೇಲೆ ಫೋನನ್ನು ಕಣ್ಣಿನ ಹತ್ತಿರ ತಂದಳು.

"ಅಕ್ಕಾ, ಓಣಿ ಯಾಕ ಕೇಳಾಕತ್ತಾರ ಇಲ್ಲಿ?"

ಗೊತ್ತಿಲ್ಲ, ವಿಳಾಸಕ್ಕೆ ಇರಬೇಕು ಎಂದೆ.

"ವಿಳಾಸಕ್ಕಂದ್ರ ಪಿನ್‌ಕೋಡ್ ಕೇಳ್ತಿದ್ರು. ಇದನ್ನ ಬರದಾಂವ ಯಾವನೋ ಏನೋ, ಮೊದಲು ಅವನ ಓಣಿ ಕೇಳಬೇಕು."

ರೊಟ್ಟಿ ಬಡಿಯುವ ಸದ್ದು ನಿಂತಿತು. ಏನೆಂದು ಅವ್ವ ಕೇಳಿದಳು. ಏನಿಲ್ಲ ಬಿಡು ಎಂದು ಸಂಘಮಿತ್ರಾ ಫೋನನ್ನು ಮಗುಚಿಟ್ಟಳು. ನಾಚಿಕೆಯೇ ಎಂದು ನಾನು ಮೆಲ್ಲಗೆ ಕೇಳಿದೆ. ಕೇಳಬಾರದಿತ್ತು.

"ನನಗ್ಯಾತರ ನಾಚಿಕಿ? ಊರ ನಡುವ ನಿಂತು ಹೇಳ್ತೀನಿ. ಆದ್ರ ನಾ ಲೆಕ್ಕ ಕೇಳಾಕ ಹೋಗಿದ್ದೆ ಅಕ್ಕಾ. ಲೆಕ್ಕಕ್ಕ ಓಣಿ ಯಾಕ ಬೇಕು?"

ಅವಳು ಪುಸ್ತಕ ತೆಗೆದುಕೊಂಡು ಹೊರಗಿನ ದೀಪದ ಬಳಿ ಹೋಗಿ ಕೂತಳು. ಆ ಲೆಕ್ಕ ನನಗೂ ಬರುತ್ತಿರಲಿಲ್ಲ. ಸುರಪುರದ ಆ ಹುಡುಗಿಯಾದರೆ ಎರಡು ನಿಮಿಷದಲ್ಲಿ ಬಿಡಿಸಿ ಕೊಡುತ್ತಿದ್ದಳು. ಡೈರಿ ತೆರೆದು, ಬರೆದಾಂವ ಅಲ್ಲ, ಬರೆದಾಕಿ, ಎಂದು ಬರೆದೆ. ಡೈರಿ ಮುಚ್ಚಿಟ್ಟೆ. ಊಟಕ್ಕೆ ಕರೆದಾಗ ಹಸಿವಿಲ್ಲ ಅಂದೆ.

ಮರುದಿನ ನಾನು ಹೋಗುವಷ್ಟರಲ್ಲಿ ಸೆಂಟರಿನಲ್ಲಿ ಅಬ್ರಾರ ಕೂತಿದ್ದ. ಯಾದಗಿರಿಯಲ್ಲಿ ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಕಟ್ಟಿಯ ಹಳೇ ಯಂತ್ರ ಕೆಮ್ಮಿದಾಗಲೆಲ್ಲ ಸರ್ ಅವನನ್ನು ಕರೆಸುತ್ತಾರೆ. ನಾನು ಬರೆದದ್ದನ್ನೆಲ್ಲ ಮೇಲಿಂದ ಕೆಳಗೆ ನೋಡಿದ. ಪ್ರೋಗ್ರಾಂ ಠೀಕ್ ಅದ ಕಾಕಾ, ಈ ತಂಗಿ ಚಲೋ ಬರದಾಳ ಎಂದ. ಸರ್ ಒಪ್ಪಲಿಲ್ಲ.

"ಠೀಕ್ ಇದ್ರ ಮಂದಿ ಯಾಕ ಓಡಿ ಹೊಂಟಾರೋ? ಹಿಂಗೇ ಆದ್ರ ಹೊಸಬರನ್ನ ತಗೊಳ್ಳೂದೇ ಬಂದ್ ಮಾಡಿಬಿಡ್ತೀನಿ. ಇದ್ದವರು ಇರ್ಲಿ, ಬಾಗಲ ಹಾಕಿಬಿಡೂಣು." ನನ್ನ ಕಡೆ ತಿರುಗಿದರು. "ನಿನ್ನೆ ಸಂಜೀಕ ಭಿ ಒಬ್ಬಾಕಿ ಬಂದು ಹೋಗ್ಯಾಳ ನೋಡವ್ವ. ಮುದನಾಳದಾಕಿ. ನಿಮ್ಮ ಯಾದಗಿರಿ ಕಡೀದೇ ಅಲ್ಲೇನು? ಸಂಘಮಿತ್ರಾ ಅಂತ ಹೆಸರು. ನಿನಗೇನರ ಗುರ್ತ ಅದನ?"

"ಇಲ್ರಿ," ಅಂದೆ.

ಅಷ್ಟು ಸಲೀಸಾಗಿ ಬಂತು. ಅವಳಿಗೆ ಜಡೆ ಹಾಕಿಯೇ ಆ ಬೆಳಿಗ್ಗೆ ಮನೆಯಿಂದ ಹೊರಟಿದ್ದೆ. ಅಂಗೈಯಲ್ಲಿ ಕೊಬ್ಬರಿ ಎಣ್ಣೆಯ ವಾಸನೆ ಇನ್ನೂ ಇತ್ತು. ಕಂಪ್ಯೂಟರಿನ ಮುಂದೆ ಕೂತು, ಯಾರದೋ ಪಹಣಿಯ ನಂಬರನ್ನು ಹೊಡೆದು ಅಳಿಸಿದೆ, ಮತ್ತೆ ಹೊಡೆದೆ.

ಸರ್ ಅಷ್ಟಕ್ಕೇ ಬಿಡುವವರಲ್ಲ. ಫಾಲ್ಟ್ ಎಲ್ಲಿದೆಯೋ ಅಲ್ಲಿಗೆ ಹೋಗಿಯೇ ನೋಡಬೇಕೆಂಬುದು ಅವರ ಹಳೇ ನೌಕರಿಯ ಪದ್ಧತಿ. ಹೆಂಗೂ ಯಾದಗಿರಿಗೆ ವಾಪಸ್ ಹೊಂಟಿದ್ದೀ, ಮುದನಾಳಕ್ಕೆ ಒಂದು ಸುತ್ತು ಹೋಗಿ ಆ ಹುಡುಗಿಯ ಫೋನಿನಲ್ಲಿ ಏನು ಕಾಣುತ್ತದೆ ನೋಡಿಕೊಂಡು ಬಾ ಎಂದು ಅಬ್ರಾರನಿಗೆ ಹೇಳಿದರು. ಅವನು ಮೌಸ್ ಮೇಲಿಂದ ಕೈ ತೆಗೆದ. ಪರದೆಯ ಮೇಲಿನ ಆ ಹೆಸರನ್ನು ನೋಡುತ್ತಿದ್ದ. ಅವನೂ ಪಾರ್ಸೆಲ್‌ಗಳ ಮೇಲೆ ತನ್ನ ಮೊಹಲ್ಲಾದ ಹೆಸರು ಬರೆಸದೆ ಬಸ್ ಸ್ಟ್ಯಾಂಡ್ ಹತ್ತಿರ ಎಂದಷ್ಟೇ ಬರೆಸುತ್ತಾನೆ ಎಂಬುದು ನನಗೆ ಗೊತ್ತಿತ್ತು, ಅವನ ಸಾಮಾನು ತರಿಸುವ ಆರ್ಡರ್ ಎಷ್ಟೋ ಸಲ ನಾನೇ ಹಾಕಿಕೊಟ್ಟಿದ್ದೇನೆ.

"ಮನಿ ಹೆಂಗ ಹುಡುಕಲಿ ಕಾಕಾ? ಓಣಿ ಒಂದೇ ಬರದಿಲ್ಲ ಆಕಿ."

"ಊರಾಗ ಕೇಳೋ. ಬಾಯಿ ಇಲ್ಲೇನು ನಿನಗ?"

"ಕೇಳೂದು ಭಿ ಬೇಕಾಗಂಗಿಲ್ಲ ಬಿಡ್ರಿ," ಎಂದ ಅಬ್ರಾರ, ಯಾರ ಮುಖವನ್ನೂ ನೋಡದೆ. "ಈ ಹೆಸರು ಹೇಳಿದ್ರ ಸಾಕು, ಓಣಿ ತೋರಿಸ್ತಾರ."

"ನೋಡು ಮತ್ತ," ಎಂದರು ಸರ್. ಅವರಿಗೆ ಖುಷಿಯಾಗಿತ್ತು. "ಎಷ್ಟು ಸರಳ ಅದ."

ಅಬ್ರಾರ ಗಾಡಿಯ ಕೀಲಿ ಕೈಗೆ ತೆಗೆದುಕೊಂಡ. ಅವನು ಹೋಗಿ ಊರ ಮುಂದಿನ ಹೋಟೆಲಿನಲ್ಲಿ ಹೆಸರು ಹೇಳುತ್ತಾನೆ. ಚಹಾ ಕುಡಿಯುತ್ತಿರುವವರು ಕಪ್ಪು ಕೆಳಗಿಟ್ಟು ನಮ್ಮ ಓಣಿಯ ಕಡೆ ಕೈ ತೋರಿಸುತ್ತಾರೆ. ಬಾಗಿಲಲ್ಲಿ ನಿಂತ ತಂಗಿಗೆ ಅವನು ಶಹಾಪುರದ ಸೆಂಟರಿನಿಂದ ಬಂದೆ ಅನ್ನುತ್ತಾನೆ. ಆ ಸಾಲು ಬರೆದವರು ಯಾರೆಂದು ಅವಳು ಕೇಳಿಯೇ ಕೇಳುತ್ತಾಳೆ. ಸುಳ್ಳು ಹೇಳಿ ಹೇಳಿ ಅಲ್ಲಿಯ ತನಕ ಓಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಧೈರ್ಯ ಬಂತು ಎಂದು ಬರೆದರೆ ಅದೂ ಸುಳ್ಳೇ.

ಎದ್ದು ನಿಂತೆ. ಕುರ್ಚಿ ಹಿಂದೆ ಸರಿದು ಗೋಡೆಗೆ ಬಡಿಯಿತು. ಇಬ್ಬರೂ ತಿರುಗಿ ನೋಡಿದರು. ಸರ್ ಎಂದೆ, ಅದು ನನಗೇ ಕೇಳಿಸಲಿಲ್ಲ. ಝೆರಾಕ್ಸ್ ಮಷೀನ್ ಬಂದ್ ಮಾಡಿ ಮತ್ತೆ ಹೇಳಿದೆ.

"ಸಂಘಮಿತ್ರಾ ನನ್ನ ತಂಗಿ ರೀ ಸರ್. ಮಷೀನ್‌ದಾಗ ಏನೂ ತಪ್ಪಿಲ್ರಿ. ಓಣಿ ಹೇಳಿದ್ರ ನಮ್ಮ ಜಾತಿ ಹೇಳಿದಂಗ ಆಗ್ತದ, ಅದಕ್ಕ ಎದ್ದು ಹೋಗ್ಯಾಳ."